ಬ್ಯಾಡಗಿ ಮೆಣಸಿನಪುಡಿ ಜರ್ಮನಿಗೆ ಕಳಿಸಲು ಯಾವ ಸರ್ಟಿಫಿಕೇಟ್ ಬೇಕು?

ಹಾವೇರಿಯಲ್ಲೇ ಪುಡಿ ಮಾಡಿಸಿ ಕಳಿಸ್ತೀವಿ, ಯುರೋಪಿನ ಸುರಕ್ಷತಾ ಗುರುತಾದ ಸಿಇ ಮಾರ್ಕ್ ಬೇಕಾ ಅಂತ ಕೇಳಿದ್ದೀರಿ. ಬೇಡ. ಅದು ಯಂತ್ರ, ಆಟಿಕೆ, ಕರೆಂಟಿನ ಸಾಮಾನುಗಳಿಗೆ.

ಕಾಗದಪತ್ರ ಅಷ್ಟೇನೂ ಕಷ್ಟವಲ್ಲ. ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಇಲಾಖೆ) ಕೊಡುವ ಐಇಸಿ ನಂಬರ್, ಅಂದರೆ ಆಮದು-ರಫ್ತು ಕೋಡ್; ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್; ಕೇಂದ್ರದ ಸಾಂಬಾರ ಮಂಡಳಿಯಾದ ಸ್ಪೈಸಸ್ ಬೋರ್ಡ್‌ನಲ್ಲಿ ರಫ್ತುದಾರರ ನೋಂದಣಿ. ಎಲ್ಲಕ್ಕೂ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಮಾಲು ತಿರಸ್ಕಾರವಾಗುವುದು ಲ್ಯಾಬ್ ವರದಿಯಿಂದ. ಯುರೋಪಿನಲ್ಲಿ ಒಣಮೆಣಸಿನಕಾಯಿ ಮತ್ತು ಪುಡಿಗೆ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ದಾಟಬಾರದು. ಇದು ಬೂಷ್ಟಿನಿಂದ ಹುಟ್ಟುವ ವಿಷ. ಕಾಯಿ ಇಬ್ಬನಿಗೆ ನೆನೆದರೆ, ಚೀಲ ತುಂಬುವಾಗ ಮುರಿಯದಿರಲಿ ಅಂತ ನೀರು ಚಿಮುಕಿಸಿದರೆ ಬೂಷ್ಟು ಹಿಡಿಯುತ್ತದೆ. ಪುಡಿಯಾದ ಮೇಲೆ ಅದನ್ನು ತೆಗೆಯುವುದು ಆಗದ ಮಾತು. ಅದಕ್ಕೇ ಬ್ಯಾಡಗಿ ಮಾರ್ಕೆಟ್‌ನಲ್ಲಿ ಬರೀ ಬಣ್ಣ, ಸುಕ್ಕು ನೋಡಿ ರೇಟು ಹಾಕಬೇಡಿ. ನಾಲ್ಕಾರು ಕಾಯಿ ಮುರಿದು ಬೀಜದ ಸುತ್ತ ಬಿಳಿ ಬೂಷ್ಟು, ಕಪ್ಪು ಕಲೆ ಇದೆಯಾ ನೋಡಿ. ತಾಡಪತ್ರಿ ಮೇಲೆ ಒಣಗಿಸುವ ರೈತರಿಗೆ ಸ್ವಲ್ಪ ಜಾಸ್ತಿ ಕೊಟ್ಟು ನೇರವಾಗಿ ಕೊಂಡರೆ ಇನ್ನೂ ಒಳ್ಳೆಯದು. ಆ ದುಡ್ಡು ಖಂಡಿತ ದಂಡವಲ್ಲ.

ಪುಡಿ ಕೆಂಪಗೆ ಕಾಣಲಿ ಅಂತ ಬೆರೆಸುವ ಸುಡಾನ್ ಎಂಬ ಕೃತಕ ಬಣ್ಣಕ್ಕೆ ಅವಕಾಶವೇ ಇಲ್ಲ. ಕ್ರಿಮಿ ಕೊಲ್ಲಲು ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸಿದ ಮಾಲೂ ಅಲ್ಲಿ ನಡೆಯುವುದಿಲ್ಲ, ಆ ಕೆಲಸ ಹಬೆಯಲ್ಲಿ ಮಾಡಿಸಿ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಸೂಚಕ) ಸಿಕ್ಕಿದೆ, ನಿಜ. ಆದರೆ ಅದು ಊರಿನ ಗುರುತು, ಲ್ಯಾಬ್ ವರದಿಗೆ ಬದಲಿ ಅಲ್ಲ.

ಮಿತಿಗಳು ಆಗಾಗ ಬದಲಾಗುತ್ತವೆ. ಆರ್ಡರ್ ಒಪ್ಪುವ ಮೊದಲೇ ಯಾವ್ಯಾವ ಪರೀಕ್ಷೆ ಬೇಕು ಅಂತ ಕೊಳ್ಳುವವರಿಂದ ಬರಹದಲ್ಲಿ ತರಿಸಿಕೊಳ್ಳಿ.