ಉ: ಗೋಪುರ ಕಟ್ಟಡದ 3ಡಿ ಮಾದರಿಯಲ್ಲಿ ಪಶ್ಚಿಮ ಮುಖಕ್ಕೆ ಬಿಸಿಲಿನ ವಿಕಿರಣ ಸೊನ್ನೆ ತೋರಿಸುತ್ತಿದೆ, ಫಿನ್ (ಬಿಸಿಲು ತಡೆಯುವ ಪಟ್ಟಿ) ತಿರುಗುತ್ತಿಲ್ಲ
ಬಹುತೇಕ ಆ ಮುಖದ ನಾರ್ಮಲ್‌ಗಳು (ಮೇಲ್ಮೈ ಯಾವ ಕಡೆ ನೋಡುತ್ತಿದೆ ಎಂದು ಹೇಳುವ ಬಾಣಗಳು) ಒಳಮುಖವಾಗಿವೆ. ಬಿಸಿಲಿನ ಲೆಕ್ಕ ಹಾಕುವ ಲೇಡಿಬಗ್ ತಂತ್ರಾಂಶ ಕಟ್ಟಡದ ಒಳಗಿನಿಂದ ಬಿಸಿಲು ಹುಡುಕುತ್ತಿದೆ. ಮೊದಲು ಮಾದರಿ ಇರುವ ರೈನೋ ತಂತ್ರಾಂಶದಲ್ಲಿ ‘ಡಿರ್’ (Dir) ಆದೇಶ ಕೊಟ್ಟು ಬಾಣಗಳನ್ನು ನೋಡಿ, ಒಳಕ್ಕಿದ್ದರೆ ಫ್ಲಿಪ್ ಮಾಡಿ (ದಿಕ್ಕು ತಿರುಗಿಸಿ). ಆಗಲೂ ಅಂಕಿ ಸರಿ ಕಾಣದಿದ್ದರೆ ಮಾದರಿಗೆ ಕೊಟ್ಟ ಉತ್ತರ ದಿಕ್ಕಿನ ಕೋನ ಪರೀಕ್ಷಿಸಿ.

ನೀವು ಫಿನ್ ಕೋನವನ್ನು ವರ್ಷದ ವಿಕಿರಣದ ಒಟ್ಟು ಮೊತ್ತಕ್ಕೆ ಕಟ್ಟಿದ್ದೀರಿ, ಅದನ್ನು ದಯವಿಟ್ಟು ಬಿಡಿ. ಪಶ್ಚಿಮಕ್ಕೆ ಸಂಜೆ ಬಿಸಿಲು ತೀರಾ ತಗ್ಗಿ, ನೇರ ಗಾಜಿಗೇ ಬಡಿಯುತ್ತದೆ. ಅಡ್ಡ ಚಜ್ಜಾ ಅದನ್ನು ತಡೆಯದು, ಲಂಬ ಫಿನ್ನೇ ಬೇಕು. ಮಧ್ಯಾಹ್ನ 2ರಿಂದ ಸಂಜೆ 6ರ ಸೂರ್ಯನ ವೆಕ್ಟರ್‌ಗಳನ್ನಷ್ಟೇ (ಬಿಸಿಲು ಬರುವ ದಿಕ್ಕುಗಳನ್ನು) ತೆಗೆದುಕೊಂಡು, ಒಂದೇ ಮಹಡಿಯಲ್ಲಿ ಫಿನ್ ಕೋನ 0, 30, 60 ಡಿಗ್ರಿ ಇಟ್ಟು ಓಡಿಸಿ. ಮೂರೂ ಅಂಕಿ ನಂಬುವಂತಿದ್ದರೆ ಮಾತ್ರ ಒಳ್ಳೆಯ ಕೋನವನ್ನು ತಾನೇ ಹುಡುಕುವ ಗಲಾಪಗೋಸ್ ಸಾಧನಕ್ಕೆ ಕೊಡಿ. ಇಡೀ 40 ಮಹಡಿಯನ್ನು ಒಮ್ಮೆಗೇ ಕೊಟ್ಟರೆ ಒಂದೊಂದು ಸುತ್ತಿಗೂ ಬಹಳ ಹೊತ್ತು ಹಿಡಿಯುತ್ತದೆ.