ತಂದೆಗೆ 67 ವರ್ಷ, ಹಿಮ್ಮಡಿ ಹಿಂದಿನ ಟೆಂಡನ್ (ಮೀನಖಂಡವನ್ನು ಮೂಳೆಗೆ ಜೋಡಿಸುವ ಗಟ್ಟಿ ಹುರಿ) ನೋವು. ಪಿಆರ್‌ಪಿ (ಅವರದ್ದೇ ರಕ್ತದ ಪ್ಲೇಟ್‌ಲೆಟ್ ಚುಚ್ಚುವ ಚಿಕಿತ್ಸೆ) ಮಾಡಿಸಿದರೆ ಟೆಂಡನ್ ಹೊಸದಾಗಿ ಬೆಳೆಯುತ್ತಾ?

ಬೆಳೆಯುತ್ತೆ ಅಂತ ನಂಬಿ ದುಡ್ಡು ಕಟ್ಟಬೇಡಿ. ಎಂಟು ತಿಂಗಳ ನೋವು, ಒಬ್ಬ ಡಾಕ್ಟರ್ ಪಿಆರ್‌ಪಿ ಅಂದರು, ಇನ್ನೊಬ್ಬರು ಸ್ಟೆಮ್ ಸೆಲ್ ಅಂದರು ಅಂತ ಬರೆದಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ಇಂಜೆಕ್ಷನ್ ಕೊಡುವವಳಲ್ಲ. ವ್ಯಾಯಾಮದ ಕಡೆಗೇ ನನ್ನ ಒಲವು, ಅದನ್ನು ಗಮನದಲ್ಲಿಟ್ಟುಕೊಂಡೇ ಓದಿ.

1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 (ವಿಕಿರಣ ಸೂಸುವ ಇಂಗಾಲ) ಏರಿತ್ತಲ್ಲ, ಅದರ ಗುರುತು ಹಿಡಿದು ಡೆನ್ಮಾರ್ಕ್‌ನ ಸಂಶೋಧಕರು ಹಿಮ್ಮಡಿ ಹಿಂದಿನ ಇದೇ ಟೆಂಡನ್ನಿನ, ಅಂದರೆ ಅಕಿಲೀಸ್ ಟೆಂಡನ್ನಿನ ವಯಸ್ಸು ಲೆಕ್ಕ ಹಾಕಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಅದರ ತಿರುಳು ಸುಮಾರು ಹದಿನೇಳನೇ ವಯಸ್ಸಿನೊಳಗೆ ಕಟ್ಟಿಕೊಳ್ಳುತ್ತೆ, ಆಮೇಲೆ ಹೆಚ್ಚುಕಮ್ಮಿ ಹೊಸದಾಗುವುದೇ ಇಲ್ಲ. ನಿಮ್ಮ ತಂದೆಯವರ ಹಿಮ್ಮಡಿಯಲ್ಲಿರುವುದು ಬಹುಪಾಲು ಅವರ ಹೈಸ್ಕೂಲು ಕಾಲದ ಸರಕು!

ಪಿಆರ್‌ಪಿಯಲ್ಲಿ ಮಾಡುವುದಿಷ್ಟು: ತೋಳಿನಿಂದ ರಕ್ತ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಕೆಂಪು ಕಣಗಳು ತಳಕ್ಕಿಳಿದು ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತೆ. ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಹೀರಿಕೊಂಡು ನೋವಿರುವ ಜಾಗಕ್ಕೆ ಚುಚ್ಚುತ್ತಾರೆ. ಒಳ್ಳೆ ಯೋಚನೆಯೇ. ಆದರೆ ಇದೇ ಟೆಂಡನ್ನಿನ ಹಳೇ ನೋವಿಗೆ ಬ್ರಿಟನ್‌ನಲ್ಲಿ 240 ಜನರ ಮೇಲೆ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಪಿಆರ್‌ಪಿ, ಇನ್ನೊಂದಕ್ಕೆ ಬರೀ ಚರ್ಮದಡಿ ಸೂಜಿ. ಆರು ತಿಂಗಳಾದ ಮೇಲೂ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಮೊಣಕೈ, ಭುಜದ ಟೆಂಡನ್‌ಗಳ ಲೆಕ್ಕ ಬೇರೆ, ಅಲ್ಲಿ ಫಲಿತಾಂಶ ಮಿಶ್ರ. ಅದಕ್ಕೇ, ಪಕ್ಕದ ಮನೆಯವರ ಮೊಣಕೈ ವಾಸಿಯಾಯ್ತು ಅನ್ನೋದನ್ನು ಹಿಮ್ಮಡಿಗೆ ಪುರಾವೆ ಮಾಡ್ಕೋಬೇಡಿ. ಸ್ಟೆಮ್ ಸೆಲ್ ಅಂತೂ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ, ಅದರ ಹೆಸರಲ್ಲಿ ದೊಡ್ಡ ಮೊತ್ತ ಕೇಳಿದರೆ ಎದ್ದು ಬನ್ನಿ.

ಹಾಗಾದರೆ ಏನು ಮಾಡೋದು? ಭಾರ ಹಾಕಬೇಕು, ನಿಧಾನವಾಗಿ. ಗೋಡೆ ಹಿಡಿದು ಎರಡೂ ಕಾಲಲ್ಲಿ ಮುಂಗಾಲ ಮೇಲೆ ಏರಲಿ, ಮೂರು ಎಣಿಸುತ್ತಾ ಇಳಿಯಲಿ. ಅದು ಸಲೀಸಾದ ಮೇಲೆ ಎರಡು ಕಾಲಲ್ಲಿ ಏರಿ, ನೋವಿರುವ ಒಂದೇ ಕಾಲಲ್ಲಿ ಇಳಿಯೋದು. 1998ರಲ್ಲಿ ಸ್ವೀಡನ್‌ನ ಆಲ್ಫ್ರೆಡ್ಸನ್ ತಂಡ ಹೇಳಿದ ಕ್ರಮ ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ. ಅವರ ರೋಗಿಗಳು ಓಟಗಾರರು, ನಿಮ್ಮ ತಂದೆಗೆ ಅಷ್ಟು ಬೇಡ. ಎಷ್ಟು ಅನ್ನೋದನ್ನು ನೋಡಿ ಹೇಳುವ ಫಿಸಿಯೋ ಹತ್ತಿರ ಹೋಗಿ. ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮಾರನೇ ದಿನ ಬೆಳಗ್ಗೆ ಮಾಮೂಲಿಗಿಂತ ಜಾಸ್ತಿಯಾಗಿದ್ದರೆ ಭಾರ ಇಳಿಸಿ. ಮೂರು ತಿಂಗಳು ನಿಯಮಿತವಾಗಿ ಮಾಡಿಯೂ ಏನೂ ಆಗದಿದ್ದರೆ ಆಗ ಪಿಆರ್‌ಪಿ ಮಾತಾಡೋಣ, ಅದೂ ವ್ಯಾಯಾಮ ಬಿಡದೆ.

ಈ ಟೆಂಡನ್‌ಗೆ ಸ್ಟೀರಾಯ್ಡ್ ಚುಚ್ಚಿಸಬೇಡಿ, ಕಿತ್ತುಹೋಗುವ ಅಪಾಯವಿದೆ. ಅವರ ಮಾತ್ರೆಗಳನ್ನೂ ಒಮ್ಮೆ ನೋಡಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್‌ಗಳು ಅರವತ್ತು ದಾಟಿದವರಲ್ಲಿ ಟೆಂಡನ್ ಹರಿಯುವ ಅಪಾಯ ಹೆಚ್ಚಿಸುತ್ತವೆ. ಕೋರ್ಸ್ ನಡೀತಿದ್ದರೆ ಬರೆದುಕೊಟ್ಟ ಡಾಕ್ಟರಿಗೆ ಈ ನೋವಿನ ವಿಷಯ ತಕ್ಷಣ ತಿಳಿಸಿ. ಮತ್ತೆ, ಯಾವತ್ತಾದರೂ ಹಿಮ್ಮಡಿ ಹಿಂದೆ ಫಟ್ ಅಂದು ಮುಂಗಾಲ ಮೇಲೆ ನಿಲ್ಲೋಕೆ ಆಗದೇ ಹೋದರೆ ಅದೇ ದಿನ ಮೂಳೆ ಡಾಕ್ಟರಿಗೆ ತೋರಿಸಿ.