ಎಂ ಪ್ರೋಟೀನ್ ತಯಾರಾಗುತ್ತಿಲ್ಲವೋ, ಉಳಿಯುತ್ತಿಲ್ಲವೋ?

ದಡಾರ ವೈರಸ್ ತಿಂಗಳುಗಟ್ಟಲೆ ಬೀಡುಬಿಟ್ಟಿರುವ ಜೀವಕೋಶಗಳಲ್ಲಿ ಎಂ ಪ್ರೋಟೀನಿನ (ವೈರಸ್ಸಿನ ಮ್ಯಾಟ್ರಿಕ್ಸ್ ಪ್ರೋಟೀನ್) ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಗೆ ಬೇಕಾದ ಸಂದೇಶ) ಚೆನ್ನಾಗಿದೆ, ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸಿ ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಮಾತ್ರ ಪಟ್ಟಿ ಮಸುಕು, ಯಾಕೆ ಅಂತ ಕೇಳಿದ್ದೀರಿ. ಬ್ಲಾಟ್ ತೋರಿಸುವುದು ಆ ಹೊತ್ತಿನ ಬಾಕಿ ಅಷ್ಟೇ. ಎಷ್ಟು ಬಂತು, ಎಷ್ಟು ಹೋಯ್ತು ಅನ್ನುವ ಲೆಕ್ಕ ಅದರಲ್ಲಿ ಸಿಗುವುದಿಲ್ಲ.

ಪಲ್ಸ್-ಚೇಸ್ ಮಾಡಿ, ಅಂದರೆ ಸ್ವಲ್ಪ ಹೊತ್ತಿನಲ್ಲಿ ತಯಾರಾದ ಪ್ರೋಟೀನಿಗೆ ಮಾತ್ರ ಗುರುತು ಹಾಕಿ, ಅದು ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡಿ. ವಿಕಿರಣಶೀಲ ಸಲ್ಫರ್-35 ಇರುವ ಮೆಥಿಯೋನಿನ್ (ಪ್ರೋಟೀನ್ ಕಟ್ಟುವ ಒಂದು ಅಮೈನೋ ಆಮ್ಲ) 15 ನಿಮಿಷ ಕೊಟ್ಟು, ತೊಳೆದು, ಮಾಮೂಲಿ ಮೆಥಿಯೋನಿನ್ ಜಾಸ್ತಿ ಹಾಕಿ. 0, 1, 2, 4, 8 ಗಂಟೆಗೆ ಕೋಶ ಒಡೆದು ಆಂಟಿಬಾಡಿಯಿಂದ ಎಂ ಹಿಡಿಯಿರಿ. ಶುರುವಿನಲ್ಲಿ ದಪ್ಪಗಿದ್ದ ಪಟ್ಟಿ 2 ಗಂಟೆಗೆ ಮಾಯವಾದರೆ ತಯಾರಾಗುತ್ತಿದೆ, ಉಳಿಯುತ್ತಿಲ್ಲ. ಹೊಸದಾಗಿ ಸೋಂಕು ತಗುಲಿಸಿದ ಕೋಶಗಳನ್ನೂ ಜೊತೆಗೇ ಇಡಿ. ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ, ಅಲ್ವಾ?

ನೀವು ಸೈಕ್ಲೋಹೆಕ್ಸಿಮೈಡ್ (ಪ್ರೋಟೀನ್ ತಯಾರಿ ತಡೆಯುವ ರಾಸಾಯನಿಕ) ಹಾಕಿ ರಾತ್ರಿಯಿಡೀ ಬಿಟ್ಟಿದ್ದು ಸರಿಯಲ್ಲ. ಅದು ಕೋಶದ ಸ್ವಂತ ಪ್ರೋಟೀನುಗಳ ತಯಾರಿಯನ್ನೂ ನಿಲ್ಲಿಸುತ್ತದೆ, ಬೆಳಗ್ಗೆ ನೋಡುವುದು ಸಾಯುತ್ತಿರುವ ಕೋಶಗಳನ್ನು. ಕೆಲವೇ ಗಂಟೆ ಸಾಕು. ಎಂಜಿ-132 ಹಾಕಿದಾಗ ಪಟ್ಟಿ ಮರಳಿದರೆ ಅದು ತಡೆಯುವ ಪ್ರೋಟಿಯಾಸೋಮ್ (ಪ್ರೋಟೀನ್ ಚೂರುಮಾಡುವ ಕೋಶದ ಯಂತ್ರ) ಮೇಲೆ ಅನುಮಾನಪಡಿ, ಬ್ಯಾಫಿಲೋಮೈಸಿನ್‌ಗೆ ಮರಳಿದರೆ ಅದು ತಡೆಯುವ ಲೈಸೋಸೋಮ್ (ಕೋಶದೊಳಗಿನ ಜೀರ್ಣಚೀಲ) ಮೇಲೆ.

ಇನ್ನೊಂದು, ನಾನಾದರೆ ಮೊದಲು ಇದನ್ನೇ ನೋಡುತ್ತಿದ್ದೆ. ಎಸ್‌ಎಸ್‌ಪಿಇ (ದಡಾರ ಬಂದು ವರ್ಷಗಳ ನಂತರ ಕಾಣಿಸಿಕೊಳ್ಳುವ ಮಿದುಳಿನ ಕಾಯಿಲೆ) ರೋಗಿಗಳ ಮಿದುಳಿನಲ್ಲಿ ಸಿಗುವ ವೈರಸ್ಸಿನ ಎಂ ಜೀನ್‌ನಲ್ಲಿ ವಿಪರೀತ ಮ್ಯುಟೇಶನ್ ಇರುತ್ತದೆ. ನಿಮ್ಮ ಮಾನೋಕ್ಲೋನಲ್ ಆಂಟಿಬಾಡಿ ಹಿಡಿಯುವ ಆ ಒಂದೇ ಜಾಗ ಬದಲಾಗಿದ್ದರೆ, ಪ್ರೋಟೀನ್ ಇದ್ದೂ ಕಾಣುವುದಿಲ್ಲ. ಸುಮ್ನೆ ಒಂದು ಸಲ ಎಂ ಜೀನ್ ಸೀಕ್ವೆನ್ಸ್ ಮಾಡಿಸಿ.